ತೂತು ಬಿದ್ದ ಗೇಮ್ ಸಿಡಿ, ಬಿಚ್ಚದ ಬೀಗ

ಕಾರವಾರದಲ್ಲಿ ಮಳೆಗಾಲ ಮುಗಿದು ಕಪಾಟು ತೆಗೆದರೆ ಬೆಲ್ಟು, ಪುಸ್ತಕ, ಚೀಲ ಎಲ್ಲಕ್ಕೂ ಬೂಸ್ಟು. ಈ ಸಲ ಹಳೇ ಗೇಮ್ ಸಿಡಿಗಳ ಡಬ್ಬಿಯೂ ಕೈಗೆ ಸಿಕ್ಕಿತು. ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಸೂಜಿ ಚುಚ್ಚಿದ ಹಾಗೆ ಏಳೆಂಟು ಕಡೆ ಬೆಳಕು ತೂರಿ ಬಂತು.

1982ರಲ್ಲಿ ಹಾಡಿಗಾಗಿ ಬಂದ ಸಿಡಿ, 1994ರ ಪ್ಲೇಸ್ಟೇಷನ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ), 2000ದ ಪ್ಲೇಸ್ಟೇಷನ್ 2 ದಾಟುವ ಹೊತ್ತಿಗೆ ಆಟದ ಮನೆಯೇ ಆಗಿಹೋಗಿತ್ತು. ಹೊಳೆಯುವ ಬದಿ ಗೀಚದಿದ್ದರೆ ಸಾಕು ಅಂದುಕೊಂಡಿದ್ದೆವು, ಅಲ್ವಾ? ನಿಜಕ್ಕೂ ಮಾಹಿತಿ ಕೂತಿರುವುದು ಚಿತ್ರವಿರುವ ಬದಿಗೆ ಹತ್ತಿರ, ವಾರ್ನಿಷಿನಂಥ ತೆಳ್ಳಗಿನ ಲ್ಯಾಕರ್ ಲೇಪದ ಅಡಿಯ ಅಲ್ಯೂಮಿನಿಯಂ ಪದರದಲ್ಲಿ. ಲ್ಯಾಕರ್ ಬಿಟ್ಟಲ್ಲಿ ತೇವ ಒಳಗೆ ಹೋಗುತ್ತದೆ, ಅಲ್ಯೂಮಿನಿಯಂ ಕೆಡುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಅಲ್ಲಿ ಅಂಟು ಬಿಡುವ ಭಯ.

ಹಾಗಾದರೆ ಕಾಪಿ ಮಾಡಿಟ್ಟರೆ ಆಯ್ತಲ್ಲ? ಗೋಜಲು ಶುರುವಾಗುವುದೇ ಇಲ್ಲಿ. ಕಳ್ಳಕಾಪಿಗೆ ಹೆದರಿ ಡಿಸ್ಕಿಗೇ ಬೀಗ ಹಾಕಿದರು. ಮೊದಲ ಪ್ಲೇಸ್ಟೇಷನ್ ಡಿಸ್ಕಿನ ನಡುವಿನ ತೂತಿಗೆ ಹತ್ತಿರದ ಜಾಡಿನಲ್ಲಿ ಬೇಕೆಂದೇ ಒಂದು ಸಣ್ಣ ಓಲಾಟ ಇರುತ್ತಿತ್ತು. ಮನೆಯ ಸಿಡಿ ರೈಟರಿಗೆ ಅದನ್ನು ಬರೆಯಲು ಬರುವುದಿಲ್ಲ, ಅದಿಲ್ಲದ ಕಾಪಿಯನ್ನು ಯಂತ್ರ ಒಪ್ಪುವುದಿಲ್ಲ. ಪಿಸಿಯಲ್ಲಿ ಸೇಫ್‌ಡಿಸ್ಕ್, ಸೆಕ್ಯುರಾಮ್ ಎಂಬ ಸಾಫ್ಟ್‌ವೇರ್ ಬೀಗಗಳು. ಗೇಮ್ ಇನ್‌ಸ್ಟಾಲ್ ಆಗಿದ್ದರೂ ಒರಿಜಿನಲ್ ಸಿಡಿ ಡ್ರೈವಿನಲ್ಲೇ ಇರಬೇಕು. 2015ರಲ್ಲಿ ವಿಂಡೋಸ್ 10 ಬಂತು. ಸುರಕ್ಷತೆಯ ಕಾರಣಕ್ಕೆ ಇಂಥ ಬೀಗಗಳನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ದುಡ್ಡು ಕೊಟ್ಟು ಒರಿಜಿನಲ್ ತಂದವನ ಎಷ್ಟೋ ಆಟಗಳು ತೆರೆಯಲೇ ಇಲ್ಲ. ಬೀಗ ಮುರಿದ ಕಾಪಿ ತಂದವನು ಆರಾಮಾಗಿ ಆಡಿದ.

ನಮ್ಮ ಕಾನೂನು ಅಷ್ಟೇನೂ ಬಿಗಿ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಸಾಫ್ಟ್‌ವೇರನ್ನು ಸರಿಯಾಗಿ ಪಡೆದವರು ಹಾಳಾಗದಂತೆ ಬ್ಯಾಕಪ್ ಇಟ್ಟುಕೊಳ್ಳಬಹುದು ಅನ್ನುತ್ತದೆ. 2012ರಲ್ಲಿ ಸೇರಿಸಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಅನ್ನುತ್ತದೆ. ಉದ್ದೇಶವನ್ನು ಅಳೆಯುವ ತಕ್ಕಡಿ ಮಾತ್ರ ಯಾರ ಹತ್ತಿರವೂ ಇಲ್ಲ.

ಕಾಪಿ ಮಾಡುವಾಗ ಸುಮ್ನೆ ಐಎಸ್‌ಒ ಫೈಲ್ (ಡಿಸ್ಕಿನ ಡೇಟಾವನ್ನು ಒಂದೇ ಫೈಲಿನಲ್ಲಿ ಇಳಿಸಿದ ನಕಲು) ಮಾಡಿ ಎದ್ದುಬಿಡಬೇಡಿ. ಹಳೇ ಆಟಗಳ ಹಾಡು ಬಹಳ ಸಲ ಬೇರೆ ಟ್ರ್ಯಾಕಿನಲ್ಲಿರುತ್ತದೆ, ಐಎಸ್‌ಒದಲ್ಲಿ ಬರುವುದಿಲ್ಲ, ಎಲ್ಲ ಟ್ರ್ಯಾಕನ್ನೂ ಹಿಡಿದಿಡುವ ಬಿನ್-ಕ್ಯೂ ಫೈಲುಗಳು ಬೇಕು. ಎರಡು ಸಲ ಓದಿಸಿ ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತಾಳೆ ನೋಡಬೇಕು. ನನ್ನ ತೂತಿನ ಸಿಡಿಗೆ ಡ್ರೈವ್ ಎರಡು ತಾಸು ಕಿರುಗುಟ್ಟಿತು. ಹ್ಯಾಷ್ ಹೊಂದಲಿಲ್ಲ. ಶಿರಸಿಯ ದೋಸ್ತನ ಅಟ್ಟದಲ್ಲಿ ಇನ್ನೊಂದು ಹಳೇ ಡ್ರೈವ್ ಇದೆಯಂತೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಭಾನುವಾರ ಘಟ್ಟ ಹತ್ತಬೇಕು.