ಸಿ ಪ್ಲಸ್ ಪ್ಲಸ್ ಫಂಕ್ಷನ್ ಕರೆದರೆ ಆರ್‌ನ ಮೂಲ ಡೇಟಾ ಯಾಕೆ ಬದಲಾಗುತ್ತದೆ?

ಪ್ರಶ್ನೆ: ಆರ್‌ನಲ್ಲಿ (ಅಂಕಿಅಂಶಗಳ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಲೂಪ್ ತುಂಬಾ ನಿಧಾನ ಅಂತ ಅದೇ ಲೆಕ್ಕವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು, ಆರ್‌ಸಿಪಿಪಿ ಅನ್ನುವ, ಎರಡೂ ಭಾಷೆಗಳನ್ನು ಜೋಡಿಸುವ ಪ್ಯಾಕೇಜ್ ಮೂಲಕ ಕರೆದೆ. ಉತ್ತರ ಸರಿಯಾಗಿ ಬಂತು. ಆದರೆ ನಾನು ಕೊಟ್ಟ ಮೂಲ ವೆಕ್ಟರ್ (ಅಂಕಿಗಳ ಸಾಲು) ಕೂಡ ಬದಲಾಗಿಹೋಗಿದೆ! 1:5 (ಅಂದರೆ 1ರಿಂದ 5ರವರೆಗಿನ ಅಂಕಿಗಳು) ಕೊಟ್ಟು ಪರೀಕ್ಷೆ ಮಾಡಿದಾಗ ಹೀಗಾಗಿರಲಿಲ್ಲ. ಯಾಕೆ?

ಉತ್ತರ: ಆರ್ ಒಳಗೇ ಇದ್ದಾಗ ನಮಗೆ ಒಂದು ಭರವಸೆ ಇರುತ್ತದೆ. ಫಂಕ್ಷನ್ ಒಳಗೆ ವೆಕ್ಟರನ್ನು ಏನು ಮಾಡಿದರೂ ಹೊರಗಿನದು ಹಾಗೇ ಉಳಿಯುತ್ತದೆ. ಬದಲಾಯಿಸುವ ಗಳಿಗೆಯಲ್ಲಿ ಆರ್ ತಾನೇ ಒಂದು ಕಾಪಿ ಮಾಡಿಕೊಳ್ಳುತ್ತದೆ. ಸಿ ಪ್ಲಸ್ ಪ್ಲಸ್‌ಗೆ ಕಾಲಿಟ್ಟ ಮೇಲೆ ಈ ಕಾವಲು ಇಲ್ಲ. ಆರ್‌ಸಿಪಿಪಿ ಒಳಗೊಳಗೆ ಬಳಸೋದು ‘ಡಾಟ್ ಕಾಲ್’ ದಾರಿಯನ್ನು, ಅಂದರೆ ಹೊರಗಿನ ಕೋಡ್ ಕರೆಯಲು ಆರ್ ಕೊಡುವ ಒಂದು ವಿಧಾನವನ್ನು. ಅದು ಕಳಿಸುವುದು ಡೇಟಾವನ್ನಲ್ಲ, ಡೇಟಾ ಇರುವ ಜಾಗದ ವಿಳಾಸವನ್ನು. ‘ನ್ಯೂಮೆರಿಕ್‌ವೆಕ್ಟರ್’ ಅನ್ನೋದು ಸಿ ಪ್ಲಸ್ ಪ್ಲಸ್ ಕಡೆ ಆ ವೆಕ್ಟರನ್ನು ಹಿಡಿಯುವ ಟೈಪ್; ಅದು ಆ ವಿಳಾಸದ ಮೇಲಿನ ತೆಳು ಹೊದಿಕೆ, ಅಷ್ಟೇ. ಫಂಕ್ಷನ್‌ಗೆ ಬಂದ ವೆಕ್ಟರ್ ‘ಎಕ್ಸ್’ ಆಗಿದ್ದು, ‘ವೈ = ಎಕ್ಸ್’ ಅಂತ ಬರೆದರೂ ಎರಡೂ ಹೆಸರು ಒಂದೇ ಜಾಗಕ್ಕೆ.

ಇದನ್ನು ಕಣ್ಣಾರೆ ನೋಡಿ. ‘ಎ’ಗೆ 1.5, 2.5, 3.5 ಹಾಕಿ. ಆರ್‌ನಲ್ಲೇ ‘ಬಿ’ಗೆ ‘ಎ’ಯನ್ನು ಕೊಡಿ. ಈಗ ಮೊದಲ ಅಂಕಿಯನ್ನು 100 ಮಾಡುವ ಸಿ ಪ್ಲಸ್ ಪ್ಲಸ್ ಫಂಕ್ಷನ್‌ಗೆ ‘ಎ’ ಕಳಿಸಿ. ಆಮೇಲೆ ‘ಬಿ’ ಪ್ರಿಂಟ್ ಮಾಡಿ. ಅದರಲ್ಲೂ 100! ‘ಬಿ’ಯನ್ನು ನಾವು ಮುಟ್ಟೇ ಇಲ್ಲ, ಅಲ್ವಾ? ನನಗೆ ಭಯ ಹುಟ್ಟಿಸೋದು ಇದೇ. ಎರರ್ ಬರುವುದಿಲ್ಲ, ವಾರ್ನಿಂಗ್ ಕೂಡ ಇಲ್ಲ.

ಹಾಗಾದರೆ 1:5 ಹೇಗೆ ಬಚಾವಾಯಿತು? ಅದು ಪೂರ್ಣಾಂಕಗಳ ವೆಕ್ಟರ್, ಒಂದೊಂದಕ್ಕೆ 4 ಬೈಟ್. ನ್ಯೂಮೆರಿಕ್‌ವೆಕ್ಟರ್‌ಗೆ ಬೇಕಾದದ್ದು 8 ಬೈಟ್‌ನ ಡಬಲ್ (ದಶಮಾಂಶ ಹಿಡಿಯುವ ಸಂಖ್ಯೆ). ಹಾಗಾಗಿ ಆರ್‌ಸಿಪಿಪಿ ಹೊಸ ಜಾಗದಲ್ಲಿ ಪರಿವರ್ತಿಸಿ ಕೊಟ್ಟಿತು. ನಿಮ್ಮ ಫಂಕ್ಷನ್ ಬದಲಾಯಿಸಿದ್ದು ಆ ಕಾಪಿಯನ್ನು. ಪರೀಕ್ಷೆ ಪಾಸಾಯಿತು, ದೋಷ ಮಾತ್ರ ಅಲ್ಲೇ ಅಡಗಿತ್ತು.

ಪರಿಹಾರ ಒಂದೇ ಪದ: ‘ವೈ = ಕ್ಲೋನ್(ಎಕ್ಸ್)’ ಅಂತ ಬರೆದು ಬೇರೆಯೇ ಕಾಪಿ ಮಾಡಿಕೊಂಡು, ಬದಲಾವಣೆಯನ್ನೆಲ್ಲ ‘ವೈ’ ಮೇಲೆ ಮಾಡಿ. ಸುಮ್ನೆ ಓದಿ ಮೊತ್ತ ಹಾಕುವ ಫಂಕ್ಷನ್‌ಗೆ ಇದು ಬೇಡ. ಒಂದು ಕೋಟಿ ಡಬಲ್ ಅಂದರೆ 80 ಎಂಬಿ. ಅಷ್ಟನ್ನು ಸುಮ್ಮಸುಮ್ಮನೆ ಕಾಪಿ ಮಾಡುವುದು ದಂಡ. ಹಳೆಯ ‘ಡಾಟ್ ಸಿ’ ದಾರಿಯಲ್ಲಿ ಈ ತೊಂದರೆ ಇಲ್ಲ. ಆದರೆ ಅದು ಪ್ರತಿ ಸಲ ಎಲ್ಲ ವೆಕ್ಟರ್‌ಗಳನ್ನೂ ಕಾಪಿ ಮಾಡುತ್ತದೆ. ದೊಡ್ಡ ಡೇಟಾಗೆ ನಾನು ಅದನ್ನು ಆರಿಸುವುದಿಲ್ಲ.

ಇನ್ನು ಮೇಲೆ ಪರೀಕ್ಷೆಗೆ 1.5ರಂಥ ದಶಮಾಂಶಗಳನ್ನೇ ಕೊಡಿ. ಉತ್ತರ ನೋಡಿದ ಮೇಲೆ ಮೂಲ ವೆಕ್ಟರನ್ನೂ ಒಮ್ಮೆ ಪ್ರಿಂಟ್ ಮಾಡಿ ನೋಡಿ.