ಥೈರಾಯ್ಡ್ ಮಾತ್ರೆ, ಎದೆಯುರಿ ಮತ್ತು ನಾಲ್ಕು ಗಂಟೆಗಳ ಅಂತರ

ಬರಿಹೊಟ್ಟೆಯಲ್ಲಿ ನುಂಗಬೇಕಾದ ಮಾತ್ರೆಗಳು ಎರಡಿದ್ದರೆ ಮೊದಲು ಯಾವುದು ಎಂಬ ಪ್ರಶ್ನೆ ಮಂಗಳೂರು, ಉಡುಪಿಯ ಮೆಡಿಕಲ್ ಅಂಗಡಿಗಳಿಗೆ ಹೊಸದಲ್ಲ. ಒಂದು, ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದವರಿಗೆ ಕೊಡುವ ಲೆವೊಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಥೈರಾಕ್ಸಿನ್ ಹಾರ್ಮೋನ್. ಇನ್ನೊಂದು, ಎದೆಯುರಿ ಮತ್ತು ಹುಳಿತೇಗಿಗೆ ಕೊಡುವ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್. ಎರಡರ ಚೀಟಿಯಲ್ಲೂ ತಿಂಡಿಗೆ ಮೊದಲು ಎಂದೇ ಇರುತ್ತದೆ. ನಡುವೆ ಸ್ವಲ್ಪ ಗ್ಯಾಪ್ ಕೊಡಿ ಎಂಬ ಸಲಹೆ ತಪ್ಪಲ್ಲವಾದರೂ ಅದು ಅರ್ಧ ಉತ್ತರ ಮಾತ್ರ. ಗಂಟೆಗಳ ಅಂತರದಿಂದ ಬಗೆಹರಿಯುವ ತೊಡಕು ಒಂದಾದರೆ, ಎಷ್ಟು ಅಂತರ ಕೊಟ್ಟರೂ ಬಗೆಹರಿಯದ ತೊಡಕು ಇನ್ನೊಂದಿದೆ.

ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧ ಅತ್ಯಲ್ಪ. 100 ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣ ಪ್ರಮಾಣ ಜಠರದ ಆಮ್ಲದಲ್ಲಿ ಕರಗಿ, ಸಣ್ಣ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಬೇಕು. ಬರಿಹೊಟ್ಟೆಯಲ್ಲಿ ನುಂಗಿದಾಗಲೂ ಸುಮಾರು ಶೇಕಡಾ 70ರಿಂದ 80ರಷ್ಟು ಮಾತ್ರ ಒಳಸೇರುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಅದೂ ಇಳಿಯುತ್ತದೆ. ಮಾತ್ರೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನೀರು ಬಿಟ್ಟು ಬೇರೇನನ್ನೂ ಸೇವಿಸಬಾರದು ಎಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿ. ಇಲ್ಲಿ ಕರಾವಳಿಯ ಮನೆಗಳ ಅಭ್ಯಾಸವೇ ಅಡ್ಡ ಬರುತ್ತದೆ. ಎದ್ದ ಕೂಡಲೇ ಫಿಲ್ಟರ್ ಕಾಫಿಯಾಗಬೇಕು, ಕಾಫಿ ಬಿಟ್ಟವರಿಗೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯವಾಗಬೇಕು. ಕಾಫಿ ತಾನೇ ಔಷಧದ ಹೀರುವಿಕೆಯನ್ನು ತಗ್ಗಿಸುತ್ತದೆ. ಕಷಾಯದಲ್ಲಿರುವ ಮಸಾಲೆಗಿಂತ ಅದಕ್ಕೆ ಸೇರಿಸಿದ ಹಾಲಿನ ಕ್ಯಾಲ್ಸಿಯಂ ಹೆಚ್ಚು ತೊಂದರೆ ಕೊಡುತ್ತದೆ.

ಇನ್ನು ಎದೆಯುರಿಯ ಔಷಧಗಳಿಗೆ ಬಂದರೆ, ಜನ ಎಲ್ಲವನ್ನೂ ಗ್ಯಾಸ್ ಮಾತ್ರೆ ಎಂದು ಒಟ್ಟಿಗೆ ಕರೆದರೂ ಅವು ಕೆಲಸ ಮಾಡುವ ರೀತಿ ಬೇರೆ ಬೇರೆ. ಅಗಿದು ತಿನ್ನುವ ಗುಲಾಬಿ ಮಾತ್ರೆಗಳು ಮತ್ತು ಬಾಟಲಿಯ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂನ ಲವಣಗಳಿರುತ್ತವೆ. ಇವು ಈಗಾಗಲೇ ಸುರಿದಿರುವ ಆಮ್ಲವನ್ನು ತಟಸ್ಥಗೊಳಿಸುವುದರ ಜೊತೆಗೆ, ಎದುರಿಗೆ ಸಿಕ್ಕ ಥೈರಾಕ್ಸಿನ್ ಅಣುಗಳನ್ನು ಹಿಡಿದುಕೊಂಡು ಕರುಳಿನಿಂದ ಹಾಗೆಯೇ ಹೊರಗೆ ಸಾಗಿಸುತ್ತವೆ. ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಕೂಡ ಇದನ್ನೇ ಮಾಡುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿದ್ದರಷ್ಟೇ ಈ ತೊಡಕು. ನಡುವೆ ನಾಲ್ಕು ಗಂಟೆ ಬಿಟ್ಟರೆ ಹೆಚ್ಚುಕಡಿಮೆ ಪರಿಹಾರವಾಗುತ್ತದೆ.

ಪ್ಯಾಂಟೊಪ್ರಜೋಲ್ ಗುಂಪಿನ ಔಷಧಗಳು ಥೈರಾಕ್ಸಿನ್ ಅನ್ನು ಮುಟ್ಟುವುದೇ ಇಲ್ಲ. ಅವು ಜಠರದ ಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಪಂಪುಗಳಿಗೆ ಅಂಟಿಕೊಂಡು ಅವುಗಳನ್ನು ನಿಲ್ಲಿಸಿಬಿಡುತ್ತವೆ. ರಕ್ತದಲ್ಲಿ ಪ್ಯಾಂಟೊಪ್ರಜೋಲ್ ಅರ್ಧಕ್ಕಿಳಿಯಲು ಸುಮಾರು ಒಂದು ಗಂಟೆ ಸಾಕು, ಆದರೆ ಒಮ್ಮೆ ನಿಂತ ಪಂಪು ಮತ್ತೆ ಚಾಲೂ ಆಗುವುದಿಲ್ಲ. ಕೋಶ ಹೊಸ ಪಂಪನ್ನು ಕಟ್ಟಬೇಕು. ಆದ್ದರಿಂದ ಔಷಧ ರಕ್ತದಿಂದ ಮಾಯವಾದ ಮೇಲೂ ಪರಿಣಾಮ ಒಂದು ದಿನವನ್ನು ಮೀರಿ ಉಳಿಯುತ್ತದೆ. ಬೆಳಿಗ್ಗೆ ಐದಕ್ಕೆ ಥೈರಾಯ್ಡ್ ಮಾತ್ರೆ ನುಂಗಿ ಒಂಬತ್ತಕ್ಕೆ ಪ್ಯಾಂಟೊಪ್ರಜೋಲ್ ನುಂಗಿದರೂ, ಹಿಂದಿನ ದಿನದ ಮಾತ್ರೆಯಿಂದಾಗಿ ಜಠರದಲ್ಲಿ ಆಮ್ಲ ಆಗಲೇ ಕಡಿಮೆಯಿರುತ್ತದೆ ಮತ್ತು ಥೈರಾಯ್ಡ್ ಮಾತ್ರೆ ಪೂರ್ತಿ ಕರಗದೆ ಉಳಿಯಬಹುದು. ಇಟಲಿಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಮೆಪ್ರಜೋಲ್ ಆರಂಭಿಸಿದ ರೋಗಿಗಳ ಟಿ.ಎಸ್.ಎಚ್. (ದೇಹಕ್ಕೆ ಥೈರಾಕ್ಸಿನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಹಾರ್ಮೋನ್) ಏರಿದ್ದು, ಅದನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರಲು ಥೈರಾಕ್ಸಿನ್ ಪ್ರಮಾಣವನ್ನು ಶೇಕಡಾ 37ರಷ್ಟು ಹೆಚ್ಚಿಸಬೇಕಾಗಿ ಬಂತು. ಎಲ್ಲರಿಗೂ ಇಷ್ಟೇ ಬೇಕಾಗುತ್ತದೆ ಎಂದು ಇದರ ಅರ್ಥವಲ್ಲ. ಎಷ್ಟೋ ಮಂದಿಯಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವೇ ಆಗುವುದಿಲ್ಲ.

ಹಾಗಾಗಿ ಇಲ್ಲಿ ಗಡಿಯಾರಕ್ಕಿಂತ ರಕ್ತಪರೀಕ್ಷೆ ಮುಖ್ಯ ಎಂದು ನನ್ನ ಅಭಿಪ್ರಾಯ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೀರುವಿಕೆಯಲ್ಲಾದ ಬದಲಾವಣೆ ಟಿ.ಎಸ್.ಎಚ್.ನಲ್ಲಿ ಸರಿಯಾಗಿ ಕಾಣಿಸಿಕೊಳ್ಳಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಪ್ಯಾಂಟೊಪ್ರಜೋಲನ್ನು ದೀರ್ಘಕಾಲಕ್ಕೆಂದು ಶುರುಮಾಡಿದಾಗ ಅಷ್ಟು ಕಾದು ಪರೀಕ್ಷೆ ಮಾಡಿಸಬೇಕು. ಅದನ್ನು ನಿಲ್ಲಿಸಿದಾಗಲೂ ಮಾಡಿಸಬೇಕು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಹೆಚ್ಚಿಸಿದ್ದ ಥೈರಾಕ್ಸಿನ್ ಆಮ್ಲ ಮರಳಿದ ಮೇಲೂ ಹಾಗೆಯೇ ಮುಂದುವರಿದರೆ ಎದೆಬಡಿತ, ಕೈನಡುಕ, ನಿದ್ರೆಗೇಡು ಬರುತ್ತವೆ. ವಯಸ್ಸಾದವರಲ್ಲಿ ಹೃದಯದ ಲಯ ತಪ್ಪುವ ಮತ್ತು ಮೂಳೆ ಸವೆಯುವ ಅಪಾಯವೂ ಇದೆ. ಹಾಗೆಂದು ಹೆದರಿ ಯಾವುದಾದರೂ ಒಂದನ್ನು ತಾವಾಗಿಯೇ ಬಿಟ್ಟುಬಿಡುವುದೂ ಸಲ್ಲದು. ತಿಂಗಳುಗಟ್ಟಲೆ ತೆಗೆದುಕೊಂಡ ಪ್ಯಾಂಟೊಪ್ರಜೋಲನ್ನು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಕೆಲಕಾಲ ಮೊದಲಿಗಿಂತ ಜೋರಾಗಿ ಸುರಿಯಬಹುದು.

ರಾತ್ರಿ ಮಲಗುವ ಮುನ್ನ ಥೈರಾಯ್ಡ್ ಮಾತ್ರೆ ನುಂಗುವುದು ಇನ್ನೊಂದು ದಾರಿ. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದು, ರಾತ್ರಿ ನುಂಗಿದವರಲ್ಲಿ ಹಾರ್ಮೋನ್ ಮಟ್ಟ ಬೆಳಗಿನದಕ್ಕಿಂತ ಉತ್ತಮವಾಗಿದ್ದುದನ್ನು ತೋರಿಸಿತು. ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು ಎಂಬುದು ಇದರ ಷರತ್ತು. ಹುಳಿತೇಗಿನವರಿಗೂ ವೈದ್ಯರು ಹೇಳುವುದು ಊಟಕ್ಕೂ ನಿದ್ರೆಗೂ ನಡುವೆ ಅಷ್ಟೇ ಹೊತ್ತಿರಲಿ ಎಂದು. ಒಂದೇ ಶಿಸ್ತಿನಲ್ಲಿ ಎರಡೂ ಕೆಲಸ ಆಗುತ್ತದೆ. ಎಂಟು ಗಂಟೆಗೆ ಕುಚ್ಚಲಕ್ಕಿ ಗಂಜಿ, ಚಟ್ನಿ ಉಂಡು ಹನ್ನೊಂದಕ್ಕೆ ಮಲಗುವವರಿಗೆ ಇದು ಸುಲಭ. ಮೆಹಂದಿಯ ರಾತ್ರಿ ಹತ್ತೂವರೆಗೆ ಕೋರಿರೊಟ್ಟಿಗೆ ಕುಳಿತವರಿಗೆ ಕಷ್ಟ, ಏಕೆಂದರೆ ಕೊಬ್ಬು ಹೆಚ್ಚಿರುವ ಊಟ ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಮಂಚದ ತಲೆಯ ಕಡೆಯನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು ಮತ್ತು ಎಡ ಮಗ್ಗುಲಾಗಿ ಮಲಗುವುದು ರಾತ್ರಿಯ ಹುಳಿತೇಗನ್ನು ತಗ್ಗಿಸುತ್ತವೆ. ತೂಕ ಹೆಚ್ಚಿದ್ದವರು ಅದನ್ನು ಇಳಿಸಿದರೆ ಇನ್ನೂ ಒಳ್ಳೆಯದು. ಪುನರ್ಪುಳಿ ಸಾರು ಪಿತ್ತಕ್ಕೆ ತಂಪು ಎಂಬ ಮಾತಿದ್ದರೂ ಅದು ಹುಳಿಯೇ ತಾನೇ, ಅನ್ನನಾಳ ಈಗಾಗಲೇ ಕೆರಳಿದ್ದರೆ ಉರಿ ಹೆಚ್ಚಾಗಬಹುದು. ಇನ್ನೊಂದು ಮಾತು: ಥೈರಾಕ್ಸಿನ್ ಶಾಖ, ತೇವ, ಬೆಳಕಿಗೆ ಕೆಡುವ ಔಷಧ. ನಮ್ಮ ಆಟಿಯ ಮಳೆಯಲ್ಲಿ ಅದನ್ನು ಬಾಟಲಿಯಿಂದ ತೆಗೆದು ಅಡುಗೆಮನೆಯ ಡಬ್ಬಿಗೆ ಹಾಕಿಡುವುದು ಬೇಡ.

ಎದೆಯುರಿಯೆಲ್ಲ ಆಮ್ಲ ಹೆಚ್ಚಾದದ್ದರಿಂದಲೇ ಬರುತ್ತದೆ ಎಂದು ತಿಳಿಯಬೇಕಾಗಿಲ್ಲ. ಥೈರಾಯ್ಡ್ ಮಂದವಾದಾಗ ಜಠರದ ಚಲನೆಯೂ ಮಂದವಾಗಿ ಹೊಟ್ಟೆಯುಬ್ಬರ, ತೇಗು ಬರಬಹುದು; ಆಗ ಥೈರಾಕ್ಸಿನ್ ಸರಿಹೋದಂತೆ ಅದೂ ತಗ್ಗುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಹಶಿಮೋಟೊ ಕಾಯಿಲೆಯವರಲ್ಲಿ ಕೆಲವರಿಗೆ ಜಠರದ ಒಳಪದರವೂ ಹಾಗೆಯೇ ಸವೆದು ಆಮ್ಲ ಕಡಿಮೆಯಾಗಿರುತ್ತದೆ. ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಕೂಡ ಥೈರಾಕ್ಸಿನ್ ಹೀರುವಿಕೆಯನ್ನು ಕೆಡಿಸಬಲ್ಲದು. ಸಮಯಪಾಲನೆ ಸರಿಯಿದ್ದೂ ಔಷಧದ ಪ್ರಮಾಣ ಏರುತ್ತಲೇ ಹೋಗುತ್ತಿದ್ದರೆ, ಜೊತೆಗೆ ರಕ್ತಹೀನತೆ ಅಥವಾ ಬಿ12 ಕೊರತೆ ಇದ್ದರೆ, ಜಠರವನ್ನು ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದ ತೂಕನಷ್ಟ ಕಂಡರೆ ತಡಮಾಡಬಾರದು. ಬೆವರಿನೊಂದಿಗೆ ತೋಳಿಗೋ ದವಡೆಗೋ ಹರಡುವ ಎದೆನೋವನ್ನು ಗ್ಯಾಸ್ ಎಂದುಕೊಳ್ಳದೆ ನೇರ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿಯರ ವಿಷಯದಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ. ಥೈರಾಕ್ಸಿನ್ ಅಗತ್ಯ ಮೊದಲ ತಿಂಗಳುಗಳಲ್ಲೇ ಹೆಚ್ಚುತ್ತದೆ, ತಿಂಗಳು ತುಂಬಿದಂತೆ ಎದೆಯುರಿಯೂ ಹೆಚ್ಚುತ್ತದೆ, ಮೇಲಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಬೇರೆ. ಥೈರಾಕ್ಸಿನ್ ಅನ್ನು ಹಿಡಿದಿಡುವುದರಲ್ಲಿ ಇವೆರಡೂ ಮುಂದು. ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನಕ್ಕೆ ಕಬ್ಬಿಣ, ರಾತ್ರಿ ಊಟದೊಂದಿಗೆ ಕ್ಯಾಲ್ಸಿಯಂ ಎಂದು ಹಂಚಿಕೊಂಡು, ಗರ್ಭದ ಮೊದಲರ್ಧದಲ್ಲಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಟಿ.ಎಸ್.ಎಚ್. ಪರೀಕ್ಷಿಸಿಕೊಳ್ಳುವಂತೆ ವೈದ್ಯರು ಹೇಳುತ್ತಾರೆ. ಎದೆಯುರಿಗೆ ಏನನ್ನೇ ತೆಗೆದುಕೊಳ್ಳುವುದಿದ್ದರೂ ಆ ಭೇಟಿಯಲ್ಲೇ ಕೇಳಿಕೊಳ್ಳಬಹುದು.