ಆಟಿಸಂ ಇರುವ ಮಗು, ಥೀಮ್ ಪಾರ್ಕ್ ಮತ್ತು ‘ರೂಢಿ ಆಕ್ಕೈತಿ ಬಿಡ್ರಿ’ ಎಂಬ ಮಾತು

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ, ಆಟಿಸಂ ಇದೆ. ಅವನ ಅಕ್ಕ ಆರನೇ ತರಗತಿಯಲ್ಲಿದ್ದಾಳೆ. ಒಮ್ಮೆಯಾದರೂ ಎಲ್ಲರೂ ಸೇರಿ ಥೀಮ್ ಪಾರ್ಕಿಗೆ ಹೋಗಿಬರಬೇಕೆಂಬ ಆಸೆ, ಆದರೆ ಕೈಯಲ್ಲಿ ಹೆಚ್ಚು ಹಣವಿಲ್ಲ. ಗದ್ದಲವಿದ್ದಲ್ಲಿ ಮಗ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಎರಡು ಮೂರು ಸಲ ಕರೆದೊಯ್ದರೆ ರೂಢಿಯಾಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಪರೀಕ್ಷೆಗಳು ಮುಗಿಯುತ್ತಿದ್ದಂತೆ ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿಗಳ ತಂದೆತಾಯಂದಿರು ನನಗೆ ಕೇಳುವ ಪ್ರಶ್ನೆ ಇದೇ. ವಿಶೇಷ ಶಿಕ್ಷಕಿಯಾಗಿ ಇಷ್ಟು ವರ್ಷಗಳಿಂದ ನಾನು ಕೊಡುವ ಉತ್ತರವೂ ಬದಲಾಗಿಲ್ಲ. ಖರ್ಚಿನ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಮುಗಿಯದಿರುವುದು ಪ್ರಶ್ನೆಯ ಕೊನೆಯಲ್ಲಿ ಹಿರಿಯರ ಹೆಸರಿನಲ್ಲಿ ನುಸುಳಿರುವ ಆ ‘ರೂಢಿ’ಯ ಮಾತು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಈ ನಂಬಿಕೆ ಹುಟ್ಟುವುದು ನಮ್ಮ ಜಾತ್ರೆಗಳಲ್ಲಿ. ಗವಿಸಿದ್ಧೇಶ್ವರ ಜಾತ್ರೆಗೆ ಮಗುವನ್ನು ಮೊದಲ ವರ್ಷ ಕರೆದೊಯ್ದಾಗ ಅತ್ತು ನೆಲಕ್ಕೆ ಬಿದ್ದು ಹೊರಳಾಡಿದ, ಎರಡನೇ ವರ್ಷ ಅತ್ತ, ಮೂರನೇ ವರ್ಷ ಸುಮ್ಮನಿದ್ದ, ಆದ್ದರಿಂದ ರೂಢಿಯಾಯಿತು ಎಂಬ ವಾದವನ್ನು ನಾನು ಕೇಳದ ವರ್ಷವಿಲ್ಲ. ಅಂಥ ಮೂರನೇ ವರ್ಷದ ಮಗುವೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನ ಸೋದರಮಾವ ಹೆಮ್ಮೆಯಿಂದ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ‘ನೋಡ್ರಿ ಟೀಚರ್, ಈಗ ಅಳೂದs ಇಲ್ಲ’ ಎಂದರು. ಮಗು ಅಳುತ್ತಿರಲಿಲ್ಲ, ನಿಜ. ಕಣ್ಣು ತೆರೆದಿದ್ದವು, ಆದರೆ ಎದುರಿಗೆ ತಿರುಗುತ್ತಿದ್ದ ತೊಟ್ಟಿಲನ್ನು ನೋಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಕೈಗೆ ಕೊಟ್ಟಿದ್ದ ಮಿರ್ಚಿ ಹಾಗೆಯೇ ತಣ್ಣಗಾಗಿತ್ತು, ಎಣ್ಣೆ ಅಂಗೈಯಿಂದ ಮಣಿಕಟ್ಟಿಗೆ ಇಳಿದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಆ ರಾತ್ರಿಯಿಂದ ನಾಲ್ಕು ದಿನ ಮಗು ಸರಿಯಾಗಿ ಮಲಗಲಿಲ್ಲ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂತು ಎಂದು ತಾಯಿ ಆಮೇಲೆ ಹೇಳಿದರು. ಹೊರಲಾರದ ಹೊರೆ ಬಿದ್ದಾಗ ಕೆಲವು ಮಕ್ಕಳು ಸಿಡಿಯುತ್ತಾರೆ, ಕೆಲವರು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಅತ್ತು ಪ್ರಯೋಜನವಿಲ್ಲ ಎಂಬುದನ್ನು ಮಗು ಕಲಿತದ್ದನ್ನೇ ನಾವು ಗದ್ದಲವನ್ನು ಸಹಿಸಲು ಕಲಿತಿತು ಎಂದು ಓದಿಕೊಳ್ಳುತ್ತೇವೆ.

ಇದು ಒಬ್ಬ ಶಿಕ್ಷಕಿಯ ಅನಿಸಿಕೆ ಮಾತ್ರವಲ್ಲ. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಪ್ರತಿಕ್ರಿಯಿಸುವುದನ್ನು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯು ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಮೆದುಳಿನ ಚಿತ್ರಣ ತೆಗೆದು ನಡೆಸಿದ ಅಧ್ಯಯನಗಳಲ್ಲಿ, ಕಿರಿಕಿರಿಯ ಸದ್ದನ್ನೂ ಸ್ಪರ್ಶವನ್ನೂ ಮತ್ತೆ ಮತ್ತೆ ಕೊಟ್ಟಾಗ ಉಳಿದ ಮಕ್ಕಳ ಮೆದುಳು ಸ್ವಲ್ಪ ಹೊತ್ತಿನಲ್ಲಿ ಅದನ್ನು ಕಡೆಗಣಿಸತೊಡಗಿದರೆ, ಸಂವೇದನೆ ತೀವ್ರವಾಗಿರುವ ಆಟಿಸಂ ಮಕ್ಕಳಲ್ಲಿ, ಅಪಾಯವನ್ನು ಗುರುತಿಸುವ ಅಮಿಗ್ಡಾಲ ಎಂಬ ಭಾಗದ ಪ್ರತಿಕ್ರಿಯೆ ಹಾಗೆ ಇಳಿಯಲಿಲ್ಲ. ಅಂದರೆ ಹಿರಿಯರು ಯಾವ ‘ರೂಢಿ’ಯನ್ನು ನಂಬಿ ಕುಳಿತಿದ್ದಾರೋ ಆ ಕೆಲಸವೇ ಈ ಮಕ್ಕಳಲ್ಲಿ ಸರಿಯಾಗಿ ನಡೆಯುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಹಳೆಯದು. 1943ರಲ್ಲಿ ಆಟಿಸಂ ಅನ್ನು ಮೊದಲು ವಿವರವಾಗಿ ಬರೆದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್, ತಾನು ಕಂಡ ಮಕ್ಕಳಲ್ಲಿ ಭಯ ಹುಟ್ಟಿಸುತ್ತಿದ್ದ ವಸ್ತುಗಳ ಪಟ್ಟಿ ಕೊಡುವಾಗ ಜೋಕಾಲಿ, ಲಿಫ್ಟ್, ಹರಿಯುವ ನೀರು, ಗಾಳಿಯನ್ನು ಸಹ ಹೆಸರಿಸಿದ್ದಾರೆ. ಥೀಮ್ ಪಾರ್ಕ್ ಎಂದರೆ ಹೆಚ್ಚುಕಡಿಮೆ ಇವೇ ತಾನೇ. ಆದರೆ ಮುಂದಿನ ಮಾತು ಇನ್ನೂ ಮುಖ್ಯವಾದುದು: ಮಗು ಹೆದರುವುದು ಸದ್ದಿಗಾಗಲಿ ಚಲನೆಗಾಗಲಿ ಅಲ್ಲ, ಅವು ಹೇಳದೆ ಕೇಳದೆ ತನ್ನ ಮೇಲೆ ಎರಗುವುದಕ್ಕೆ, ಅದೇ ಮಗು ತಾನಾಗಿಯೇ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡಬಲ್ಲದು ಎಂದು ಅವರು ಗಮನಿಸಿದ್ದರು. ಕುಕ್ಕರ್ ಸೀಟಿಗೆ ಅಡುಗೆಮನೆ ಬಿಟ್ಟು ಓಡುವ ನಿಮ್ಮ ಮಗ ಸ್ಟೀಲ್ ಗಂಗಾಳವನ್ನು ನೆಲಕ್ಕೆ ಬಡಿಯುತ್ತಾ ನಗುವುದನ್ನು ನೀವು ನೋಡಿಲ್ಲವೇ? ‘ಬೇಕಂತಲೇ ನಾಟಕ ಮಾಡ್ತಾನ’ ಎಂದು ಬೈಯುವುದಕ್ಕೆ ಬದಲು, ಆ ಗಂಗಾಳದ ಸದ್ದು ಯಾರ ಕೈಯಲ್ಲಿದೆ ಎಂದು ನೋಡಿದರೆ ಪಾರ್ಕಿನಲ್ಲಿ ಏನು ಮಾಡಬೇಕೆಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ.

ಹಾಗಾದರೆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆ ಎಂದು ಕೂಡಲೇ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ನಾನು ಹಾಗೆ ಹೇಳಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಮಗು ಸಾಕೆಂದಾಗ ನಿಲ್ಲಿಸುತ್ತಾ ಪರಿಚಯಿಸುವುದೇ ಬೇರೆ, ಈಜು ಬರಲೆಂದು ಬಾವಿಗೆ ನೂಕುವುದೇ ಬೇರೆ. ಜಾತ್ರೆಯ ಮುಖ್ಯ ದಿನಗಳು ಕಳೆದ ಮೇಲೂ ತೊಟ್ಟಿಲು, ಕುದುರೆ ಆಟಗಳು ಹಲವು ದಿನ ಅಲ್ಲೇ ಇರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಹೋದರೆ ಧ್ವನಿವರ್ಧಕವಿರುವುದಿಲ್ಲ, ಆಟದವರಿಗೂ ಪುರುಸೊತ್ತಿರುತ್ತದೆ. ಮೊದಲ ದಿನ ದೂರದಿಂದ ನೋಡುವುದು, ಮರುದಿನ ನಿಂತ ಕುದುರೆಯ ಮೇಲೆ ಕೂರುವುದು, ಅದರ ಮರುದಿನ ನಿಧಾನವಾಗಿ ಒಂದು ಸುತ್ತು. ಇದಕ್ಕಿಂತ ಅಗ್ಗದ ತರಬೇತಿ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಮಗು ಯಾವ ಬಗೆಯದೆಂಬುದೂ ತಿಳಿಯುತ್ತದೆ. ಗದ್ದಲವನ್ನು ಸಹಿಸದ ಮಗುವೇ ಗಿರಗಿರನೆ ತಿರುಗುವ ಆಟವನ್ನು ಹತ್ತು ಸಲ ಬೇಡುವುದುಂಟು, ಏಕೆಂದರೆ ಕಿವಿಗೆ ಬೇಡವಾದದ್ದು ದೇಹಕ್ಕೆ ಬೇಕಾಗಿರಬಹುದು.

ಈಗ ಖರ್ಚಿಗೆ ಬರುತ್ತೇನೆ. ರಾಯಚೂರು, ಸಿಂಧನೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 2016ರಲ್ಲಿ ಆರಂಭವಾದ ಅಲ್ಲಿನ ವಂಡರ್‌ಲಾ ಥೀಮ್ ಪಾರ್ಕ್ ನಗರದ ದಕ್ಷಿಣಕ್ಕೆ ಹೊರವರ್ತುಲ ರಸ್ತೆಯ ಬಳಿಯೇ ಇರುವುದರಿಂದ ಮಹಬೂಬ್‌ನಗರದ ಕಡೆಯಿಂದ ಹೋಗುವವರು ಊರೊಳಗಿನ ದಟ್ಟಣೆಗೆ ಸಿಲುಕಬೇಕಾಗಿಲ್ಲ. ಕೊಪ್ಪಳ, ಬಳ್ಳಾರಿಯವರಿಗೆ ಬಿಡದಿ ಸಮೀಪದ ಬೆಂಗಳೂರು ವಂಡರ್‌ಲಾ ಅನುಕೂಲ, ಏಕೆಂದರೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ತಾಯಿಗೂ ಅಕ್ಕನಿಗೂ ಕಲ್ಯಾಣ ಕರ್ನಾಟಕ ಸಾರಿಗೆಯ ವೇಗದೂತ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಎಂಟು ವರ್ಷದ ಹುಡುಗನಿಗೆ ಅರ್ಧ ಟಿಕೆಟ್, ಪೂರ್ತಿ ಹಣ ಕೊಡಬೇಕಾದವರು ತಂದೆಯೊಬ್ಬರೇ. ರಾಜ್ಯದ ಗಡಿ ದಾಟುವ ಬಸ್ಸಿಗೂ, ರಾಜಹಂಸ ಮತ್ತು ಸ್ಲೀಪರ್‌ಗಳಿಗೂ ಈ ಸೌಲಭ್ಯವಿಲ್ಲ. ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ಒಳಗೆ ಮಾತ್ರ ನಡೆಯುತ್ತದೆ. ಅದನ್ನು ಹಿಡಿದುಕೊಂಡು ಬೆಂಗಳೂರು ಬಸ್ ಹತ್ತಿ ಕಂಡಕ್ಟರ್ ಜೊತೆ ವಾದಿಸಬೇಡಿ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಬೌದ್ಧಿಕ ಅಸಾಮರ್ಥ್ಯವೂ ನಮೂದಾಗಿದ್ದು, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಮಗುವಾಗಿದ್ದರೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಮಗುವಿಗೂ ಜೊತೆಗಾರರೊಬ್ಬರಿಗೂ ಶೇ. 75ರಷ್ಟು ರಿಯಾಯಿತಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಇನ್ನೂ ಮಾಡಿಸದವರು ಪಾರ್ಕಿನ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿಸಿಕೊಳ್ಳಿ.

ಪಾರ್ಕಿನೊಳಗೆ ಹಣ ಉಳಿಯುವುದು ದಿನವನ್ನು ಆರಿಸಿಕೊಳ್ಳುವುದರಲ್ಲಿ. ಸರತಿ ತಪ್ಪಿಸುವ ದುಬಾರಿ ಟಿಕೆಟನ್ನು ಶನಿವಾರ, ಭಾನುವಾರ ಕೊಳ್ಳುವ ಬದಲು, ಶಾಲೆ ಆರಂಭವಾದ ಮೇಲೆ ಜುಲೈ ತಿಂಗಳ ಒಂದು ಮಂಗಳವಾರವೋ ಬುಧವಾರವೋ ಹೋದರೆ ಮಾಮೂಲಿ ಟಿಕೆಟಿನಲ್ಲೇ ಆ ಅನುಕೂಲ ಸಿಗುತ್ತದೆ. ‘ವಾರದ ದಿನ’ ಎಂದೊಡನೆ ಡಿಸೆಂಬರ್‌ನಲ್ಲಿ ಹೊರಡಬೇಡಿ. ಆಗ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸನ್ನಲ್ಲ, ಎತ್ತರವನ್ನು ನೋಡಿ ಕೊಡುವುದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ಹೊರಗಿನ ಆಹಾರವನ್ನು ಒಳಗೆ ಬಿಡದ ನಿಯಮ ಇಂಥ ಕಡೆ ಸಾಮಾನ್ಯ. ನಿಮ್ಮ ಮಗ ಮೊಸರನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲವಾದರೆ ವಾರದ ಮೊದಲೇ ಫೋನ್ ಮಾಡಿ, ಕಾರ್ಡಿನ ಸಂಖ್ಯೆ ಹೇಳಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ನಡೆಯುವುದಿಲ್ಲ, ನೈಲಾನ್ ಉಡುಪೇ ಆಗಬೇಕು. ಮೈಗಂಟುವ ಆ ಬಟ್ಟೆಯನ್ನು ಅಲ್ಲಿಯೇ ಮೊದಲ ಸಲ ತೊಡಿಸಲು ಹೋಗಿ ಬಟ್ಟೆ ಬದಲಿಸುವ ಕೋಣೆಯಿಂದಲೇ ಮರಳಿದ ಕುಟುಂಬ ನನಗೆ ಗೊತ್ತು. ಕುತ್ತಿಗೆಯ ಲೇಬಲ್ ಕತ್ತರಿಸಿ, ಹದಿನೈದು ದಿನ ಮೊದಲಿನಿಂದ ಮನೆಯ ಸ್ನಾನದಲ್ಲಿ ತೊಡಿಸಿ ನೋಡಿ.

ಕಿವಿಗೆ ದುಬಾರಿ ಹೆಡ್‌ಫೋನ್ ಬೇಡ. ಗಿಣಿಗೇರಾ, ತೋರಣಗಲ್ಲಿನ ಕಾರ್ಖಾನೆಗಳ ಕೆಲಸಗಾರರು ಹಾಕಿಕೊಳ್ಳುವ ಇಯರ್ ಮಫ್ ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ಹಾಕುವುದೂ ತೆಗೆಯುವುದೂ ಮಗುವಿನ ಕೈಯಲ್ಲಿರಲಿ; ಗಂಗಾಳದ ಪಾಠ ಅದೇ. ಆಟಗಳ ಚಿತ್ರಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ‘ಮೊದಲು ಇದು, ಆಮೇಲೆ ಇದು, ಆಮೇಲೆ ಬಸ್’ ಎಂದು ರಟ್ಟಿಗೆ ಅಂಟಿಸಿ, ಪ್ರತಿದಿನ ತೋರಿಸಿ. ರಾತ್ರಿ ಪ್ರಯಾಣ ಮಾಡಿ ನಿದ್ದೆಗೆಟ್ಟ ಮಗುವನ್ನು ಬೆಳಿಗ್ಗೆ ನೇರವಾಗಿ ಗೇಟಿಗೆ ಕರೆದೊಯ್ಯುವುದು ಉಳಿತಾಯವಲ್ಲ, ಟಿಕೆಟ್ ಹಣವೂ ದಂಡವಾಗುತ್ತದೆ. ಒಂದು ರಾತ್ರಿಯ ಲಾಡ್ಜ್ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ವಿಪರೀತ, ಅಪಾಯದ ಅರಿವು ಕಡಿಮೆ. ಕಾಲುವೆ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಭಾಗದಲ್ಲಿ ದೊಡ್ಡವರೊಬ್ಬರು ಮಗುವಿನಿಂದ ಒಂದು ತೋಳಿನಳತೆಗಿಂತ ದೂರ ಹೋಗಬಾರದು, ಆ ಒಬ್ಬರು ಯಾರೆಂಬುದು ಹೆಸರಿಟ್ಟು ಗೊತ್ತಾಗಿರಬೇಕು. ‘ನೀವು ನೋಡ್ತೀರಿ ಅಂದ್ಕೊಂಡಿದ್ದೆ’ ಎಂಬ ಮಾತಿಗೆ ಅಲ್ಲಿ ಅವಕಾಶವಿಲ್ಲ.

ನಿಮ್ಮ ಪತ್ರದಲ್ಲಿ ಅಕ್ಕನಿಗೆ ಒಂದೇ ವಾಕ್ಯ ಸಿಕ್ಕಿದೆ, ಅವಳ ಬಗ್ಗೆ ನೀವು ಏನನ್ನೂ ಕೇಳಿಲ್ಲ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮಗ ಮೂರು ಗಂಟೆಯಲ್ಲಿ ದಣಿದು ಸಾಕೆಂದರೆ ನೀವು ನಾಲ್ವರೂ ಹೊರಬರುತ್ತೀರಿ, ಅವಳು ಬ್ಯಾಗ್ ಹಿಡಿದು ನಿಂತದ್ದೇ ಅವಳ ಪ್ರವಾಸವಾಗುತ್ತದೆ. ನನ್ನ ತರಗತಿಯ ಹುಡುಗನೊಬ್ಬನ ಅಕ್ಕನನ್ನು, ಪಾರ್ಕಿನಲ್ಲಿ ಯಾವ ಆಟ ಆಡಿದೆ ಎಂದು ಕೇಳಿದಾಗ ಅವಳು ತಮ್ಮ ಆಡಿದ ಆಟಗಳ ಹೆಸರನ್ನು ಒಂದೂ ಬಿಡದೆ ಹೇಳಿದಳು. ನೀನು ಎಂದು ಮತ್ತೆ ಕೇಳಿದರೆ, ‘ನಾ ಚಪ್ಪಲಿ ಕಾಯ್ಕೊಂಡಿದ್ದೆ ಟೀಚರ್’ ಎಂದಳು. ದೂರಿನ ದನಿಯೇನೂ ಇರಲಿಲ್ಲ.

ಮಗ ಸಾಕೆಂದ ಕೂಡಲೇ ತಾಯಿ ಅವನೊಂದಿಗೆ ಗೇಟಿನ ಬಳಿಯ ನೆರಳಿಗೆ ಬರಲಿ, ಅಥವಾ ಇಬ್ಬರೂ ಲಾಡ್ಜಿಗೆ ಹೋಗಿ ಮಲಗಲಿ. ಪೂರ್ತಿ ದಿನದ ಟಿಕೆಟಿನ ಉಳಿದ ಹೊತ್ತೆಲ್ಲ ಅಕ್ಕ ಮತ್ತು ತಂದೆಯದು. ಇದನ್ನು ಅಲ್ಲಿ ಹೋಗಿ ತೀರ್ಮಾನಿಸಬೇಡಿ. ತಮ್ಮನಿಗೆ ಮಾಡಿದಂಥದೇ ರಟ್ಟನ್ನು ಅವಳ ಕೈಗೂ ಕೊಡಿ, ತನಗೆ ಬೇಕಾದ ಆಟಗಳ ಚಿತ್ರಗಳನ್ನು ಅವಳೇ ಆರಿಸಿ ಅಂಟಿಸಿಕೊಳ್ಳಲಿ.